ಹಂಪ್‌ಗಳು ಅಳತೆಗೆ ಇರಲಿ, ಉದ್ದದ ಕಾರುಗಳೂ ಉಳಿಯಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ದೊಡ್ಡ ಸೆಡಾನ್ ಕಾರುಗಳ (ನೆಲಕ್ಕೆ ಹತ್ತಿರ ಇರುವ, ಹಿಂದೆ ಬೇರೆ ಡಿಕ್ಕಿ ಇರುವ ಉದ್ದದ ಕಾರು) ಕಾಲ ಮುಗಿಯಿತು, ಜನಕ್ಕೆ ಈಗ ಎತ್ತರದ ಗಾಡಿಯೇ ಬೇಕು ಎಂದು ಎಲ್ಲರೂ ಹೇಳುತ್ತಿದ್ದಾರೆ. ಜನರ ಆಸೆ ಬದಲಾಗಿದೆ ಅನ್ನೋದು ಸುಳ್ಳಲ್ಲ. ಆದರೆ ನಮ್ಮ ಭಾಗದಲ್ಲಿ ಈ ಕಾರುಗಳು ಮನೆ ಬಿಟ್ಟು ಹೋಗಿದ್ದಕ್ಕೆ ರಸ್ತೆಯೂ ಕಾರಣ. ಅದನ್ನು ಯಾರೂ ಬರೆಯುತ್ತಿಲ್ಲ, ಅದಕ್ಕೇ ಈ ಪತ್ರ.

ನಾನು ಕಲಬುರಗಿಯ ಒಬ್ಬ ದಾಲ್ ಮಿಲ್ ಸಾವ್ಕಾರರ ಮನೆಯಲ್ಲಿ ಡ್ರೈವರ್. ಮೊದಲು ಅವರ ಹತ್ತಿರ ಹೋಂಡಾ ಅಕಾರ್ಡ್ ಇತ್ತು. ತೊಗರಿ ವ್ಯಾಪಾರಕ್ಕೆ ಹೈದರಾಬಾದ್‌ಗೆ ಹೋಗುತ್ತಲೇ ಇರಬೇಕು. ಹುಮನಾಬಾದ್ ದಾಟಿ ದೊಡ್ಡ ಹೆದ್ದಾರಿ ಹತ್ತಿದರೆ ಸಾಕು, ಸಾವ್ಕಾರರು ಹಿಂದಿನ ಸೀಟಿನಲ್ಲಿ ಲೆಕ್ಕದ ಪುಸ್ತಕ ತೆಗೆದು ಬರೆಯಲು ಕೂರುತ್ತಿದ್ದರು. ಗಾಡಿ ಓಡುವಾಗ ಬರೆದ ಸಾಲು, ಗದ್ದಿಗೆ ಮೇಲೆ ಕೂತು ಬರೆದ ಸಾಲು ಯಾವುದು ಅಂತ ಗೊತ್ತೇ ಆಗುತ್ತಿರಲಿಲ್ಲ. ಕಾರು ನೆಲಕ್ಕೆ ಹತ್ತಿರ ಇರುತ್ತೆ, ತಿರುವಿನಲ್ಲಿ ವಾಲುವುದಿಲ್ಲ. ಡಿಕ್ಕಿ ಬೇರೆಯೇ ಇರೋದರಿಂದ ಉಪ್ಪಿನಕಾಯಿ ಭರಣಿ ಇಟ್ಟರೂ ಒಳಗೆ ವಾಸನೆ ಬರುವುದಿಲ್ಲ. ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲೂ ಒಳಗೆ ಬೇಗ ತಂಪಾಗುತ್ತಿತ್ತು. ಈಗ ಅದೇ ಸಾವ್ಕಾರರು ಎತ್ತರದ ಗಾಡಿಯಲ್ಲಿ ಪುಸ್ತಕ ಮುಚ್ಚಿ ಕೂರುತ್ತಾರೆ. ಅಕ್ಷರ ನಿಲ್ಲುವುದಿಲ್ಲ ಅಂತಾರೆ.

ಆ ಅಕಾರ್ಡ್ ಯಾಕೆ ಹೋಯಿತು ಅಂದರೆ ಒಂದು ಹಂಪ್‌ನಿಂದ. ಒಂದು ಹಳ್ಳಿಯ ಮುಂದೆ ರಾತ್ರೋರಾತ್ರಿ ಹಾಕಿದ್ದರು. ಬಿಳಿ ಪಟ್ಟಿ ಇಲ್ಲ, ಬೋರ್ಡ್ ಇಲ್ಲ. ಹಿಂದೆ ಮೂವರು ಕೂತಿದ್ದರು, ಡಿಕ್ಕಿ ತುಂಬಾ ಸಾಮಾನು. ನಿಧಾನ ಮಾಡಿ, ಸ್ಟೇರಿಂಗ್ ತಿರುಗಿಸಿ, ಒಂದೊಂದೇ ಗಾಲಿ ಇಳಿಯುವ ಹಾಗೆ ಅಡ್ಡ ಹತ್ತಿಸಿದೆ. ಆದರೂ ತಳ ಬಡಿಯಿತು. ಸ್ವಲ್ಪ ದೂರ ಹೋದ ಮೇಲೆ ಆಯಿಲ್ ದೀಪ ಹತ್ತಿತು. ಇಳಿದು ನೋಡಿದರೆ ಎಂಜಿನ್ ಕೆಳಗಿನ ಆಯಿಲ್ ಚೇಂಬರ್ ಒಡೆದಿತ್ತು, ಆಯಿಲ್ ರಸ್ತೆ ಉದ್ದಕ್ಕೂ ಗೆರೆ ಎಳೆದಿತ್ತು. ಎಂಜಿನ್ ತಕ್ಷಣ ಬಂದ್ ಮಾಡಿದ್ದರಿಂದ ಅದು ಉಳಿಯಿತು. ಆದರೆ ಸಾವ್ಕಾರರ ಮನಸ್ಸು ಮುರಿಯಿತು. ರಿಪೇರಿ ಮಾಡಿಸಿ ಮಾರಿಬಿಟ್ಟರು.

ಇದರಲ್ಲಿ ಲೆಕ್ಕ ಸರಳ. ದೊಡ್ಡ ಸೆಡಾನ್‌ನಲ್ಲಿ ಹಿಂದೆ ಕಾಲು ಚಾಚಲು ಜಾಗ ಸಿಗುವುದೇ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವೆ ಅಂತರ ಜಾಸ್ತಿ ಇರೋದರಿಂದ. ಟೊಯೋಟಾ ಕ್ಯಾಮ್ರಿ, ಸ್ಕೋಡಾ ಸೂಪರ್ಬ್‌ನಂಥ ಕಾರಲ್ಲಿ ಅದು 2.8 ಮೀಟರ್ ದಾಟುತ್ತದೆ. ಹಂಪ್‌ನ ಅಗಲ ಕಡಿಮೆ ಇದ್ದು, ಕಡಿದಾಗಿ ಇದ್ದರೆ ಮುಂದಿನ ಗಾಲಿ ಇಳಿದ ಮೇಲೆ ಹಿಂದಿನ ಗಾಲಿ ಇನ್ನೂ ಹತ್ತಿರುವುದಿಲ್ಲ. ಹಂಪ್ ನಡು ಹೊಟ್ಟೆಗೆ ಬಂದು ಕೂರುತ್ತದೆ. ಸಣ್ಣ ಕಾರು ಆ ಜಾಗದಲ್ಲಿ ಪಾರಾಗುತ್ತದೆ, ಉದ್ದದ ಕಾರು ಪಾರಾಗುವುದಿಲ್ಲ.

ಇದಕ್ಕೆ ನಿಯಮ ಇಲ್ಲವೇ? ಇದೆ. ರಸ್ತೆ ಕೆಲಸಕ್ಕೆ ಅಳತೆ ಗೊತ್ತು ಮಾಡುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ಅಳತೆ ಕೊಟ್ಟಿದೆ. ವಾಹನಗಳು ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಬೇಕಾದ ಕಡೆ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು, ಮೇಲ್ಭಾಗ ದುಂಡಗೆ ಇರಬೇಕು. ಅಷ್ಟು ಅಗಲ ಇದ್ದರೆ ಯಾವ ಸೆಡಾನಿನ ಹೊಟ್ಟೆಯೂ ಬಡಿಯುವುದಿಲ್ಲ. ನಮ್ಮಲ್ಲಿ ಎಷ್ಟೋ ಕಡೆ ಹಂಪ್‌ನ ಅಗಲ ಒಂದು ಹೆಜ್ಜೆಯಲ್ಲೇ ಮುಗಿಯುತ್ತದೆ. ಜೊತೆಗೆ ಇಲ್ಲಿಯದು ಕರಿ ಮಣ್ಣು. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಹಂಪ್ ಆಚೀಚೆ ಡಾಂಬರು ಕುಸಿದರೆ ಅದರ ಎತ್ತರ ತಾನೇ ಹೆಚ್ಚಾಗುತ್ತದೆ. ಸೇಡಂ ಕಡೆಯ ಸಿಮೆಂಟ್ ಲಾರಿಗಳ ಭಾರ ಬೇರೆ.

ತೆರಿಗೆಯಿಂದ ಸೆಡಾನ್ ಸತ್ತಿತು ಅಂತ ಕೆಲವರು ವಾದ ಮಾಡುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಹಳೇ ಜಿಎಸ್‌ಟಿಯಲ್ಲಿ ದೊಡ್ಡ ಸೆಡಾನ್‌ಗೆ ಸೆಸ್ ಅನ್ನೋ ಹೆಚ್ಚುವರಿ ತೆರಿಗೆ ಸೇರಿ ಶೇ 48 ಇತ್ತು, ಎಸ್‌ಯುವಿಗೆ, ಅಂದರೆ ಎತ್ತರದ ದೊಡ್ಡ ಗಾಡಿಗೆ, ಶೇ 50. ನೆಲದಿಂದ 170 ಮಿ.ಮೀ. ಎತ್ತರ ಇರಬೇಕು ಅನ್ನೋದು ಆ ಶೇ 50ರ ಪಟ್ಟಿಗೆ ಸೇರಲು ಒಂದು ಷರತ್ತು. ಅಂದರೆ ಎತ್ತರಕ್ಕೆ ಜಾಸ್ತಿ ತೆರಿಗೆ ಹಾಕಿದರೂ ಜನ ಎತ್ತರವನ್ನೇ ಕೊಂಡರು. 2025ರ ಸೆಪ್ಟೆಂಬರ್ 22ರಿಂದ ಎರಡಕ್ಕೂ ಶೇ 40 ಆಗಿದೆ. ತೆರಿಗೆ ಇಳಿದರೂ ನಮ್ಮ ಊರಿನಲ್ಲಿ ಹೊಸ ದೊಡ್ಡ ಸೆಡಾನ್ ನನ್ನ ಕಣ್ಣಿಗೆ ಬಿದ್ದಿಲ್ಲ.

ಕಣ್ಣಿಗೆ ಬೀಳಲು ಮಾರುಕಟ್ಟೆಯಲ್ಲಿ ಉಳಿದಿರೋದಾದರೂ ಏನು? ಬಿಎಸ್-6 ಅನ್ನೋ ಹೊಗೆ ನಿಯಮ ಬಂದ 2020ರಲ್ಲಿ ಅಕಾರ್ಡ್ ಮಾರಾಟ ನಿಂತಿತು, ಫೋಕ್ಸ್‌ವ್ಯಾಗನ್ ಪಾಸಾಟ್ ಹೋಯಿತು. 2023ರಲ್ಲಿ ಸ್ಕೋಡಾ ಸೂಪರ್ಬ್ ನಿಂತಿತು. ಮರುವರ್ಷ ತಿರುಗಿ ಬಂದಿದ್ದು ಬರೀ 100 ಕಾರು, ಅದೂ ಹೊರದೇಶದಿಂದ ತಂದದ್ದು, ಬೆಲೆ 54 ಲಕ್ಷ. ಈ ವರ್ಗದಲ್ಲಿ ಗಟ್ಟಿಯಾಗಿ ನಿಂತಿರೋದು ಕ್ಯಾಮ್ರಿ. 2024ರ ಡಿಸೆಂಬರ್‌ನಲ್ಲಿ ಹೊಸ ಮಾದರಿ 48 ಲಕ್ಷಕ್ಕೆ ಬಂತು. ಲೀಟರ್ ಪೆಟ್ರೋಲಿಗೆ 25.49 ಕಿ.ಮೀ. ಅಂತ ಕಂಪನಿ ಹೇಳುತ್ತದೆ. ಇಷ್ಟು ದೊಡ್ಡ ಕಾರಿಗೆ ಅದು ಸಣ್ಣ ಮಾತಲ್ಲ. ಅದೇ ಟೊಯೋಟಾದ ಎತ್ತರದ ಗಾಡಿ ಫಾರ್ಚೂನರ್ ಇದಕ್ಕಿಂತ ಕಡಿಮೆಗೆ ಶುರುವಾಗುತ್ತೆ, ಹಂಪ್‌ಗೂ ಹೆದರುವುದಿಲ್ಲ. ಎರಡೂ ತಯಾರಾಗೋದು ನಮ್ಮ ಬಿಡದಿಯಲ್ಲೇ. ನಮ್ಮ ರಾಜ್ಯದಲ್ಲಿ ಆದ ಕಾರು ನಮ್ಮ ರಾಜ್ಯದ ರಸ್ತೆಗೆ ಹೆದರಬೇಕು ಅಂದರೆ ಬೇಜಾರಾಗುತ್ತದೆ, ಅಲ್ವಾ?

ಒಂದು ಮಾತು ಒಪ್ಪಲೇಬೇಕು. ಅಮೆರಿಕದಲ್ಲಿ ಫೋರ್ಡ್ ಕೂಡ ಸೆಡಾನ್ ಮಾರುವುದನ್ನು ನಿಲ್ಲಿಸುತ್ತೇವೆ ಎಂದು 2018ರಲ್ಲೇ ಹೇಳಿತು. ಅಲ್ಲಿ ನಮ್ಮಂಥ ಹಂಪ್ ಕಾರಣ ಇರಲಿಕ್ಕಿಲ್ಲ. ಆದರೆ ಇಲ್ಲಿ ಮರ್ಸಿಡಿಸ್‌ನವರು ಇ-ಕ್ಲಾಸ್ ಸೆಡಾನ್‌ನ ಉದ್ದದ ಮಾದರಿಯನ್ನೇ 2017ರಿಂದ ಮಾರುತ್ತಿದ್ದಾರೆ, ಅದು ಚೆನ್ನಾಗಿಯೇ ಹೋಗುತ್ತಿದೆ. ಹಿಂದಿನ ಸೀಟಿನ ಸುಖ ಬೇಡ ಅಂತ ಇಲ್ಲಿ ಯಾರೂ ಹೇಳಿಲ್ಲ.

ಮನೆಯ ದೊಡ್ಡ ಅವ್ವಾರ ಕಷ್ಟ ನೋಡಿ ನನಗೆ ಇದನ್ನೆಲ್ಲ ಬರೆಯಬೇಕು ಅನ್ನಿಸಿತು. ಅವರಿಗೆ ಮಂಡಿ ನೋವು. ಅಕಾರ್ಡ್‌ನಲ್ಲಿ ಮೊದಲು ಕೂತು, ಆಮೇಲೆ ಎರಡೂ ಕಾಲು ಒಳಗೆ ತೆಗೆದುಕೊಳ್ಳುತ್ತಿದ್ದರು. ಏಳುವಾಗ ಮಾತ್ರ ಕೈ ಕೊಡಬೇಕಿತ್ತು. ಈಗಿನ ಗಾಡಿಗೆ ನಾನು ಒಂದು ಮರದ ಸ್ಟೂಲ್ ಮಾಡಿಸಿ ಹಿಂದೆ ಇಟ್ಟಿದ್ದೇನೆ. ಸ್ಟೂಲ್ ಮೇಲೆ ಒಂದು ಕಾಲು, ಫುಟ್‌ರೆಸ್ಟ್ ಮೇಲೆ ಒಂದು ಕಾಲು, ಸೆರಗು ಒಂದು ಕೈಯಲ್ಲಿ, ಹಿಡಿಕೆ ಇನ್ನೊಂದು ಕೈಯಲ್ಲಿ. ಶರಣಬಸವೇಶ್ವರ ಗುಡಿ ಮುಂದೆ ಜಾತ್ರೆ ಜನರ ನಡುವೆ ಹೀಗೆ ಹತ್ತೋದು ಅವರಿಗೆ ಸಂಕೋಚ. "ತಮ್ಮಾ, ಗಾಡಿ ಹತ್ತೋದಂದ್ರ ಮಾಳಿಗಿ ಏರಿದಂಗ ಆಗ್ತದ, ನೀವ ಹೋಗಿ ಬರ್ರಿ" ಅಂದು ಎಷ್ಟೋ ಸಲ ಮನೆಯಲ್ಲೇ ಉಳಿಯುತ್ತಾರೆ. ಇನ್ನೋವಾ ಎತ್ತರ ಅವರಿಗೆ ಪರವಾಗಿಲ್ಲ. ಆದರೆ ಮನೆಯ ಹುಡುಗರು ಕೇಳಬೇಕಲ್ಲ.

ಶ್ರೀಮಂತರ ಕಾರಿನ ಚಿಂತೆ ನಮಗ್ಯಾಕೆ ಎಂದು ಓದುಗರು ಕೇಳಬಹುದು. ಅದೇ ಹಂಪ್ ಮೇಲೆ ಬಸುರಿ ಹೆಣ್ಣುಮಗಳನ್ನು ಕೂರಿಸಿಕೊಂಡ ಆಟೋ ಹೋಗುತ್ತದೆ. ಆಂಬ್ಯುಲೆನ್ಸ್ ಹೋಗುತ್ತದೆ. ರಾತ್ರಿ ಬೈಕ್‌ನವರು ಬಣ್ಣ ಕಾಣದೆ ಹಾರಿ ಬೀಳುತ್ತಾರೆ. ದುಡ್ಡಿದ್ದವರು ಎತ್ತರದ ಗಾಡಿ ತಂದು ತಮ್ಮ ಮಟ್ಟಿಗೆ ಪಾರಾದರು. ಉಳಿದವರು ಏನು ಮಾಡಬೇಕು? ಹಂಪ್ ಬೇಡ ಅಂತ ನಾನು ಹೇಳುತ್ತಿಲ್ಲ. ಶಾಲೆ ಮುಂದೆ, ಊರ ಮುಂದೆ ಬೇಕೇ ಬೇಕು.

ಹಾಗಾಗಿ ರಸ್ತೆ ನೋಡಿಕೊಳ್ಳುವ ಅಧಿಕಾರಿಗಳಲ್ಲಿ ಒಂದು ಬೇಡಿಕೆ. ಮಳೆಗಾಲ ಮುಗಿದು ಡಾಂಬರು ಕೆಲಸ ಶುರುವಾಗುವ ಮೊದಲು ಸೇಡಂ ರಸ್ತೆ, ಜೇವರ್ಗಿ ರಸ್ತೆ, ಹುಮನಾಬಾದ್ ರಸ್ತೆಯ ಹಂಪ್‌ಗಳನ್ನು ಟೇಪ್ ಹಿಡಿದು ಅಳೆಯಿರಿ. ಅಳತೆಗೆ ಇಲ್ಲದ್ದನ್ನು ಕಿತ್ತು ಸರಿಯಾಗಿ ಹಾಕಿ, ಬಿಳಿ ಪಟ್ಟಿ ಬಳಿಯಿರಿ, ಮೊದಲೇ ಬೋರ್ಡ್ ನಿಲ್ಲಿಸಿ. ಗುತ್ತಿಗೆದಾರರ ಬಿಲ್ ಪಾಸ್ ಮಾಡುವಾಗ ಹಂಪ್ ಅಳತೆಯನ್ನೂ ಬರೆಸಿಕೊಳ್ಳಿ.

— ಒಬ್ಬ ಕಾರು ಚಾಲಕ, ಬ್ರಹ್ಮಪುರ, ಕಲಬುರಗಿ