ಗಾಡಿಯ ಒಳಗೆ ಕೆಂಡ ಬೇಡ

ಸಂಪಾದಕರೇ,

ನಮ್ಮ ಮನೆ ಇರುವುದು ಹೊಸನಗರ ತಾಲ್ಲೂಕಿನಲ್ಲಿ, ಕೊಡಚಾದ್ರಿಗೆ ಹೋಗುವ ದಾರಿಯ ಪಕ್ಕ. ಈಚೆಗೆ ಹಾಸಿಗೆ, ಅಡುಗೆ ಒಲೆ ಎಲ್ಲ ಇರುವ ಕ್ಯಾರವಾನ್‌ಗಳಲ್ಲಿ ಬರುವವರು ಜಾಸ್ತಿಯಾಗಿದ್ದಾರೆ. ರಾತ್ರಿ ನಿಲ್ಲಿಸಲು ಕೇಳಿದರೆ ಅಂಗಳ ಬಿಟ್ಟುಕೊಡುತ್ತೇವೆ.

ಕಳೆದ ಡಿಸೆಂಬರಿನಲ್ಲಿ ಒಂದು ಕುಟುಂಬ ಹಾಗೇ ಬಂದು ತಂಗಿತ್ತು. ಬೆಳಗ್ಗೆ ಚಹಾ ಹಿಡಿದು ಹೋಗಿ ಬಾಗಿಲು ತಟ್ಟಿದರೆ ತುಂಬಾ ಹೊತ್ತು ಯಾರೂ ಏಳಲಿಲ್ಲ. ಕೊನೆಗೆ ಯಜಮಾನರು ಬಾಗಿಲು ತೆಗೆದು, ತಲೆ ಹಿಡಿದುಕೊಂಡು ಮೆಟ್ಟಿಲ ಮೇಲೇ ಕೂತುಬಿಟ್ಟರು. ಮಗಳು ವಾಂತಿ ಮಾಡಿಕೊಂಡಿದ್ದಳು. ಘಾಟಿಯ ತಿರುವಿನಿಂದ ಇರಬೇಕು ಎಂದರು. ಇಣುಕಿ ನೋಡಿದೆ. ಎರಡು ಹಾಸಿಗೆಗಳ ನಡುವೆ ಒಂದು ಕಬ್ಬಿಣದ ಬಾಣಲೆ, ಅದರ ತುಂಬ ಬೂದಿ, ಕೆದಕಿದರೆ ಒಳಗೆ ಇನ್ನೂ ಕೆಂಪು. ಸಂಜೆ ಹೊರಗೆ ಕೂತು ಕಾಯಿಸಿಕೊಳ್ಳುತ್ತಾರೆ ಅಂದುಕೊಂಡು ನಮ್ಮ ಬಚ್ಚಲೊಲೆಯಿಂದ ಆ ಕೆಂಡ ಕೊಟ್ಟವಳು ನಾನೇ. ತಕ್ಷಣ ಎಲ್ಲರನ್ನೂ ಅಂಗಳಕ್ಕೆ ಕರೆತಂದು 108ಕ್ಕೆ ಫೋನ್ ಮಾಡಿದೆವು. ದೇವರು ದೊಡ್ಡವನು, ಎಲ್ಲರೂ ಉಳಿದರು.

ಹೊಗೆ ಇಲ್ಲದಿದ್ದರೆ ಅಪಾಯ ಇಲ್ಲ ಎಂದು ಅವರು ನಂಬಿದ್ದರು. ಹೊಗೆಯಾದರೆ ಕಣ್ಣಿಗೆ ಕಾಣುತ್ತದೆ, ಮೂಗಿಗೆ ಗೊತ್ತಾಗುತ್ತದೆ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಅದು ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಹಿಡಿದು ಕೂರುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಂತಿ. ನಿದ್ದೆಯಲ್ಲಿದ್ದರೆ ಅದೂ ಗೊತ್ತಾಗುವುದಿಲ್ಲ. ನಮ್ಮ ಹಂಚಿನ ಮನೆಗಳಲ್ಲಿ ಸಂದಿಸಂದಿಯಲ್ಲೂ ಗಾಳಿ ಆಡುತ್ತದೆ. ಸುತ್ತಲೂ ರಬ್ಬರ್ ಬೀಡಿಂಗ್ ಹಾಕಿದ ಗಾಡಿ ಹಾಗಲ್ಲ, ಅದು ಮುಚ್ಚಿದ ಡಬ್ಬಿ. ಗ್ಯಾಸ್ ಒಲೆ ಹಚ್ಚಿಟ್ಟು ಮಲಗುವುದೂ ಅಷ್ಟೇ ಅಪಾಯ. ಬೆಚ್ಚಗಿರಲಿ ಎಂದು ಎಂಜಿನ್ ಚಾಲೂ ಇಟ್ಟು ಮಲಗಲೂಬೇಡಿ.

ಹಾಗಾದರೆ ಚಳಿಗೆ ಏನು ಮಾಡೋದು? ಹೊದಿಕೆಗಿಂತ ಮೊದಲು ಹಾಸಿಗೆಯ ಅಡಿಗೆ ಉಣ್ಣೆ ಕಂಬಳಿ ಹಾಸಿ, ಗಾಡಿಯಲ್ಲಿ ಚಳಿ ಹತ್ತುವುದು ಕೆಳಗಿನಿಂದಲೇ ಜಾಸ್ತಿ. ಗಾಜುಗಳಿಗೆ ಒಳಗಿನಿಂದ ಫೋಮ್ ಶೀಟ್ ಕತ್ತರಿಸಿ ಒತ್ತಿ. ಬಿಸಿನೀರಿನ ರಬ್ಬರ್ ಚೀಲಕ್ಕೆ ಬಟ್ಟೆ ಸುತ್ತಿ ಕಾಲ ಬಳಿ ಇಟ್ಟುಕೊಳ್ಳಿ. ತೋಟದ ತಗ್ಗಿನಲ್ಲಿ ನಿಲ್ಲಿಸಬೇಡಿ, ತಣ್ಣನೆ ಗಾಳಿ ಇಳಿದು ನಿಲ್ಲುವುದು ಅಲ್ಲೇ ಅಲ್ವಾ, ಸ್ವಲ್ಪ ಎತ್ತರದ ಜಾಗ ನೋಡಿ. ಎಷ್ಟೇ ಚಳಿ ಇರಲಿ, ಕಿಟಕಿ ಎರಡು ಬೆರಳಷ್ಟು ತೆರೆದಿರಲಿ. ಪೂರ್ತಿ ಮುಚ್ಚಿದರೆ ಉಸಿರಿನ ತೇವವೆಲ್ಲ ಗಾಜಿನ ಮೇಲೆ ನೀರಾಗಿ ಇಳಿದು ಹಾಸಿಗೆ ಒದ್ದೆಯಾಗುತ್ತದೆ, ಚಳಿ ಇನ್ನೂ ಜಾಸ್ತಿಯಾಗುತ್ತದೆ. ಹೀಟರ್ ಬೇಕೇ ಬೇಕು ಅನ್ನುವವರು ಉರಿಯಲು ಹೊರಗಿನ ಗಾಳಿ ಎಳೆದು ಹೊಗೆಯನ್ನೂ ಹೊರಗೇ ಬಿಡುವ ಡೀಸೆಲ್ ಹೀಟರನ್ನು ತಿಳಿದವರಿಂದ ಹಾಕಿಸಿಕೊಳ್ಳಲಿ.

ಕ್ಯಾರವಾನ್ ಬಾಡಿಗೆಗೆ ಕೊಡುವವರು ಕಾರ್ಬನ್ ಮಾನಾಕ್ಸೈಡಿಗೆ ಕೂಗುವ ಅಲಾರಂ ಒಂದನ್ನು ಹಾಕಿಸಿ, ಬಾಗಿಲ ಬಳಿ ಕನ್ನಡದಲ್ಲಿ ಎಚ್ಚರಿಕೆ ಅಂಟಿಸಬೇಕು. ನನ್ನ ಹಾಗೆ ಅಂಗಳ ಕೊಡುವವರೂ ಕೆಂಡ ಕೊಡುವ ಮೊದಲು ಎಲ್ಲಿಗೆ ಎಂದು ಕೇಳಿ. ನಾನೀಗ ಹಂಡೆಯ ಬಿಸಿನೀರು, ಎರಡು ಕಂಬಳಿ ಕೊಟ್ಟು ಕಳಿಸುತ್ತೇನೆ.

– ಓದುಗರು, ಹೊಸನಗರ ತಾಲ್ಲೂಕು