ಒಂದು ಸೇರಿಗೆ ಎರಡು ಸೇರು

ಮೊನ್ನೆ ನಮ್ಮ ಮನೆಯ ರಾಗಿ ಕಣ ಮುಗಿಯಿತು. ಎರಡು ಸೇರು ಬಿತ್ತನೆ ರಾಗಿ ಅಳೆದು, ಮೇಲಿನ ಪೋಡಿನ (ನಮ್ಮ ಹಾಡಿಗೆ ಪೋಡು ಅಂತೀವಿ) ಅಜ್ಜಿಗೆ ಕೊಟ್ಟು ಬಂದೆ. ಬೀಜದ ಸಾಲ ತೀರಿತು. ಉಳಿದ ಋಣವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಬಿಳಿಗಿರಿರಂಗನ ಬೆಟ್ಟ. ನಾವು ಸೋಲಿಗರು, ಇಲ್ಲಿನ ಕಾಡಿನ ಜನ. 2023 ನಮ್ಮ ಮನೆಗೆ ತುಂಬಾ ಕಷ್ಟದ ವರ್ಷ. ವಿಶ್ವಸಂಸ್ಥೆ ಅದನ್ನು ಸಿರಿಧಾನ್ಯ ವರ್ಷ ಅಂತ ಕರೆದಿತ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ರಲ್ಲಿ ಬರ ಅಂತ ಸರ್ಕಾರ ಘೋಷಿಸಿದ್ದೂ ಅದೇ ವರ್ಷ. ಪೇಟೆಯಲ್ಲಿ ಓದಿ ಬಂದ ನಾನು ಹಠ ಹಿಡಿದು ಅವ್ವನ ಕೈಲಿ ಅಕ್ಕಡಿ, ಅಂದರೆ ರಾಗಿ ಸಾಲುಗಳ ನಡುವೆ ಬೇರೆ ಬೆಳೆ ಹಾಕೋದನ್ನು, ಬಿಡಿಸಿದ್ದೆ. ಹೊಲದ ತುಂಬಾ ಅಂಗಡಿಯಿಂದ ತಂದ ಒಂದೇ ತಳಿ ರಾಗಿ. ಆಗಸ್ಟ್ ಇಡೀ ಮಳೆ ಇಲ್ಲ. ಪೈರು ಮೊಣಕಾಲೆತ್ತರಕ್ಕೂ ಬರಲಿಲ್ಲ. ಮಡಗಿದ್ದ ಹಳೇ ಬೀಜದ ರಾಗಿಯನ್ನೇ ಬೀಸಿ ತಿಂದೆವು. ಅವ್ವ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನಿಸುತ್ತಿತ್ತು.

ಅಜ್ಜಿಯ ಹೊಲದಲ್ಲೂ ಆ ವರ್ಷ ರಾಗಿ ಅರ್ಧಕ್ಕರ್ಧ ಹೋಯಿತು. ಆದರೆ ಸಾಲುಗಳ ನಡುವೆ ಅವರೆ ಇತ್ತು, ಸಾಸಿವೆ ಇತ್ತು, ಕೀರೆ ಇತ್ತು, ಹರಳು ಇತ್ತು. ಒಲೆ ಆರಲಿಲ್ಲ. ಅವರು ಬೀಜಕ್ಕೆ ತೆನೆ ಆರಿಸುವುದು ಕಣದಲ್ಲಿ ಅಲ್ಲ, ಹೊಲದಲ್ಲೇ. ಕೊಯ್ಲಿಗೆ ಮೊದಲು ಒಬ್ಬರೇ ಪೈರಿನೊಳಗೆ ನಡೆಯುತ್ತಾರೆ. ಅಕ್ಕಪಕ್ಕದ ಪೈರೆಲ್ಲ ಒಣಗಿದ್ದರೂ ಗಟ್ಟಿ ಕಾಳು ಕಟ್ಟಿದ ತೆನೆಯನ್ನೇ ಮುರಿಯುತ್ತಾರೆ. ಆಮೇಲೆ ಬೂದಿ ಬೆರೆಸಿ ಮಡಕೆಗೆ ತುಂಬಿ ಇಡುತ್ತಾರೆ. ಹೀಗೆ ಎಷ್ಟು ಬರಗಾಲ ದಾಟಿ ಬಂದ ಬೀಜವೋ ಅದು! ಮುಂದಿನ ಮುಂಗಾರಿಗೆ ಬರಿಗೈಲಿ ಅವರ ಬಾಗಿಲಲ್ಲಿ ನಿಂತಾಗ, "ತಕ್ಕೊಂಡೋಗು ಕೂಸೇ, ಒಂದು ಸೇರಿಗೆ ಎರಡು ಸೇರು ತಂದು ಮಡಗು" ಅಂದರು. ಅಷ್ಟೇ. ಯಾಕೆ ಹೀಗಾಯಿತು ಅಂತ ಕೇಳಲೇ ಇಲ್ಲ. ಅಜ್ಜೀ, ಆ ಕೇಳದೆ ಇದ್ದದ್ದಕ್ಕೂ ನಿಮಗೆ ಕೈ ಮುಗಿಯುತ್ತೇನೆ.

ಆ ಬರದಲ್ಲಿ ನನ್ನನ್ನು ಕಾಡಿಗೆ ಕರೆದುಕೊಂಡು ಹೋದ ಅಕ್ಕಂದಿರೇ, ನಿಮ್ಮನ್ನು ಮರೆಯೋಕಾಗುತ್ತಾ? ನೂರೆಗೆಣಸು ಅನ್ನೋ ಕಾಡುಗೆಣಸು ಅಗೆದ ಮೇಲೆ ಬಳ್ಳಿಯ ಬುಡದ ತುಂಡನ್ನು ಮತ್ತೆ ಗುಂಡಿಗೆ ಇಟ್ಟು ಮಣ್ಣು ಮುಚ್ಚಬೇಕು ಅಂತ ಕಲಿಸಿದವರು ನೀವು. ನಾನು ಸುಮ್ನೆ ಎದ್ದು ಹೊರಟಾಗ ಕೈ ಹಿಡಿದು ಕೂರಿಸಿದಿರಿ. ಲಂಟಾನ ಕಳೆ ಹಬ್ಬಿ ಹುಲ್ಲು ಸತ್ತ ಜಾಗಗಳನ್ನು ತೋರಿಸಿದಿರಿ. ಹಿಂದೆ ಬೇಸಿಗೆ ಶುರುವಿನಲ್ಲೇ ಹಿರಿಯರು ತರಗು ಬೆಂಕಿ ಹಾಕುತ್ತಿದ್ದರು, ತರಗೆಲೆ ಮಾತ್ರ ಸುಟ್ಟು ಬೆಂಕಿ ತಾನೇ ಆರುತ್ತಿತ್ತು, ಅದು ನಿಂತ ಮೇಲೆ ಲಂಟಾನ ಜಾಸ್ತಿಯಾಯಿತು ಅಂತ ಹೇಳಿದಿರಿ. ಪೇಟೆಯಲ್ಲಿ ಅಷ್ಟು ವರ್ಷ ಓದಿದರೂ ನನಗೆ ಇದು ಗೊತ್ತಿರಲಿಲ್ಲ.

ಕಾಡಿನ ಹಕ್ಕುಗಳಿಗಾಗಿ ಹೋರಾಡಿದ ಹಿರಿಯರನ್ನೂ ನೆನೆಯಬೇಕು. 2011ರಲ್ಲಿ ನಮ್ಮ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ 25 ಗ್ರಾಮಸಭೆಗಳಿಗೆ ಅರಣ್ಯ ಹಕ್ಕು ಕಾಯ್ದೆಯಲ್ಲಿ ಸಮುದಾಯ ಹಕ್ಕು ಸಿಕ್ಕಿತು. ಬರದ ವರ್ಷ ನಾವು ನೆಲ್ಲಿ, ಜೇನು ತರಲು ತಲೆಯೆತ್ತಿ ಹೋಗಿದ್ದು ಆ ಹಕ್ಕಿನ ಬಲದಿಂದ.

ಕೊನೆಗೆ ಅವ್ವ. ಈ ಸಲ ಅಕ್ಕಡಿ ಸಾಲು ಹಿಡಿದವಳು ಅವಳೇ. ಬೀಜಕ್ಕೆ ತೆನೆ ಆರಿಸುವಾಗ ನನ್ನನ್ನೂ ಕರೆದಳು. ನಾನು ದಪ್ಪ ತೆನೆಗೆ ಕೈ ಹಾಕಿದರೆ, ಅದಲ್ಲ ಅಂತ ಪಕ್ಕದ್ದನ್ನು ತೋರಿಸಿದಳು. ಆ ದಿನ ಅವಳ ಜೊತೆ ಹೊಲದಲ್ಲಿ ಸಂಜೆಯವರೆಗೂ ಇದ್ದೆ.

ಮೊನ್ನೆ ನಾನು ಕೊಟ್ಟ ಎರಡು ಸೇರಲ್ಲಿ ಅಜ್ಜಿ ಒಂದನ್ನು ಮಡಕೆಗೆ ಸುರಿದರು. ಇನ್ನೊಂದನ್ನು, ಕೆಳಗಿನ ಪೋಡಿನಿಂದ ಬಂದು ಜಗಲಿಯಲ್ಲಿ ಕೂತಿದ್ದ ಹುಡುಗಿಯ ಸೆರಗಿಗೆ ಕಟ್ಟಿ ಕಳಿಸಿದರು.