ವೇಗದ ಯೋಜನೆಗೆ ತಕ್ಕ ಮೋಡೆಮ್ ಕೊಡಿ

ಮಾನ್ಯ ಸಂಪಾದಕರೇ,

ಇಂಟರ್ನೆಟ್ ಸೇವಾ ಕಂಪನಿಗಳು ಗ್ರಾಹಕರನ್ನು 200, 300 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ವೇಗದ ಯೋಜನೆಗಳಿಗೆ ಏರಿಸಿ ಹೆಚ್ಚಿನ ಶುಲ್ಕ ಪಡೆಯುತ್ತವೆಯಾದರೂ, ಮನೆಯಲ್ಲಿರುವ ಹಳೆಯ ಮೋಡೆಮ್ ಆ ವೇಗಕ್ಕೆ ತಕ್ಕುದೇ ಎಂದು ಪರಿಶೀಲಿಸುವುದು ಅಪರೂಪ. ಫಾಸ್ಟ್ ಈಥರ್‌ನೆಟ್ ಪೋರ್ಟ್ (ಕೇಬಲ್ ಸಿಕ್ಕಿಸುವ ಹಳೆಯ ಬಗೆಯ ಕಿಂಡಿ) ಮಾತ್ರ ಇರುವ ಮೋಡೆಮ್‌ನಿಂದ ಕಂಪ್ಯೂಟರಿಗೆ ನೇರವಾಗಿ ಕೇಬಲ್ ಎಳೆದರೂ 100 ಎಂಬಿಪಿಎಸ್ ದಾಟಲಾಗದು, 2.4 ಗಿಗಾಹರ್ಟ್ಸ್ ವೈಫೈಯಲ್ಲಂತೂ ಅಕ್ಕಪಕ್ಕದ ಮನೆಗಳ ವೈಫೈ ಅಡ್ಡಬಂದು ವೇಗ ಇನ್ನೂ ಕುಸಿಯುತ್ತದೆ. ಕಂಪ್ಯೂಟರಿನ ನೆಟ್‌ವರ್ಕ್ ವಿವರದಲ್ಲಿ ಲಿಂಕ್ ಸ್ಪೀಡ್ (ಮೋಡೆಮ್ ಜೊತೆಗಿನ ಸಂಪರ್ಕದ ವೇಗ) 100 ಎಂದೇ ತೋರಿಸುತ್ತಿದ್ದರೆ ಗ್ರಾಹಕರು ಮೊದಲು ಮೋಡೆಮ್ ಮತ್ತು ಕೇಬಲ್ ಎರಡನ್ನೂ ಪರೀಕ್ಷಿಸಬೇಕು. ಇದನ್ನು ತಿಳಿಸುವ ಹೊಣೆ ನಿಜಕ್ಕೂ ಹಣ ಪಡೆಯುವವರದು. ಯೋಜನೆ ಬದಲಿಸುವಾಗಲೇ ಗಿಗಾಬಿಟ್ ಪೋರ್ಟ್ (1000 ಎಂಬಿಪಿಎಸ್‌ವರೆಗಿನ ಕಿಂಡಿ) ಹಾಗೂ ಅಡ್ಡಿ ಕಡಿಮೆಯಿರುವ 5 ಗಿಗಾಹರ್ಟ್ಸ್ ವೈಫೈ ಇರುವ ಮಾದರಿಯನ್ನು ಅಳವಡಿಸಿ, ಹಳೆಯದನ್ನು ಮರುಬಳಕೆಗಾಗಿ ಕಂಪನಿಯೇ ಹಿಂಪಡೆಯುವಂತೆ ಸಂಬಂಧಪಟ್ಟವರು ಕ್ರಮ ಕೈಗೊಳ್ಳಬೇಕೆಂದು ಕೋರುತ್ತೇನೆ.

– ಓರ್ವ ಗ್ರಾಹಕ, ಶಿವಮೊಗ್ಗ